ಖುದ್ದು ಹಾಜರಿ

ಎಲ್ಲ ಎಡವಟ್ಟಿಗೂ ಕಾರಣ ‘ಖುದ್ದು’ ಎಂಬ ಎರಡಕ್ಷರ.

ರಸ್ತೆಯ ಈ ಬದಿ ರಕ್ಷಣಾ ಇಲಾಖೆ, ಆ ಬದಿ ಫಿರಂಗಿ ಕಂಪನಿ. ಇಪ್ಪತ್ತು ವರ್ಷಗಳಲ್ಲಿ ಐದು ಸಲ ಆ ರಸ್ತೆ ದಾಟಿ, ಇಲ್ಲಿ ನೀತಿ ಬರೆದು ಅಲ್ಲಿ ಫಿರಂಗಿ ಮಾರಿದ ಒಬ್ಬರನ್ನು ಎರಡೂ ಕಡೆ ‘ಆಚೀಚೆ ಸಾಹೇಬರು’ ಎನ್ನುತ್ತಿದ್ದರು. ಹೋದ ವರ್ಷ ಇಲಾಖೆಯ ನೀತಿ ನಿರ್ದೇಶಕರಾಗಿದ್ದಾಗ, ಹೊಸ ಫಿರಂಗಿಗೆ ಪರೀಕ್ಷೆಯೇ ಬೇಡವೆಂದು ನೀತಿ ಮಾಡಿದರು. ಬೋಳಾಗಿ ಕಾಣಬಾರದಲ್ಲ, ಕೊನೆಗೊಂದು ಸಾಲು ಸೇರಿಸಿದರು: ‘ಮೊದಲ ಗುಂಡು ಹಾರುವಾಗ, ಕಂಪನಿಯ ಮಾರಾಟಾಧಿಕಾರಿ ಪಕ್ಕದಲ್ಲಿ ಖುದ್ದು ಹಾಜರಿರತಕ್ಕದ್ದು.’ ಆಮೇಲೆ ರಸ್ತೆ ದಾಟಿ ಅದೇ ಫಿರಂಗಿ ಮಾರಿದರು.

ಇವತ್ತು ಬೆಳಿಗ್ಗೆ ಸೇನೆಯ ಕ್ಯಾಪ್ಟನ್ ಫೋನು ಮಾಡಿದ.

“ನಾಳೆ ಎಂಟಕ್ಕೆ ಬಂದ್ಬಿಡಿ ಸಾರ್. ನಮ್ಮೋರು ಕಂದಕದಲ್ಲಿ ಕೂತು ಉದ್ದ ಹಗ್ಗ ಎಳೀತಾರೆ. ನೀವು ಫಿರಂಗಿ ಹತ್ರ ನಿಂತ್ರೆ ಸಾಕು.”

“ನಂಗೂ ಒಂದು ಕಂದಕ...”

“ನೀತೀಲಿ ಬರೆದಿಲ್ವಲ್ಲ ಸಾರ್.”

ಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಎಂಜಿನಿಯರನ್ನು ಕರೆಸಿದರು.

“ಸಿಡಿಯುತ್ತೇನಯ್ಯಾ?”

“ಛೆ, ಹತ್ತರಲ್ಲಿ ಒಂಬತ್ತು ಸಿಡಿಯಲ್ಲ ಸಾರ್.”

“ಇದು ಎಷ್ಟನೇದು?”

ಎಂಜಿನಿಯರ್ ಬೆರಳು ಮಡಿಸುತ್ತ ಎಣಿಸಿ, ಹತ್ತನೇ ಬೆರಳಿಗೆ ಬಂದವನೇ ಕೈಯನ್ನು ಜೇಬಿಗಿಳಿಸಿದ.

ಸಾಹೇಬರು ಕೂಡಲೇ ಇಲಾಖೆಗೆ ಕಾಗದ ಬರೆದರು: ಬಡಪಾಯಿ ಕಂಪನಿ ಬರೀ ಮಾಲು ಮಾರುತ್ತದೆ, ಪರೀಕ್ಷೆ ಬೇಡವೆಂದ ನೀತಿ ನಿರ್ದೇಶಕರ ಕುರ್ಚಿಯಲ್ಲಿ ಯಾರಿದ್ದಾರೋ ಅವರೇ ನಿಲ್ಲಲಿ. ಕಳಿಸಿದ ಮೇಲೆ ಗಡಿಯಾರ ನೋಡಿದರು. ಅಲ್ಲಿಯ ಕಡತ ಮೂರು ತಿಂಗಳಿಗೆ ಮೊದಲು ಅಲುಗದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೆಂಡತಿಗೆ ಫೋನು ಮಾಡಿ ಅತ್ತೇಬಿಟ್ಟರು.

ಆಕೆ ಎಲ್ಲ ಕೇಳಿ, “ಅಲ್ಲ ರೀ, ಇಷ್ಟು ವರ್ಷ ನೀವು ಮಾರಿದ್ರಲ್ಲ, ಅವುಗಳ ಪಕ್ಕ ಯಾರು ನಿಲ್ತಿದ್ರು?” ಎಂದಳು.

“ಸಿಪಾಯಿಗಳು ಕಣೇ. ಅದು ಬೇರೆ ವಿಷಯ.”

“ಅವರ ಹೆಂಡ್ತಿಯರಿಗೆ ಯಾರು ಫೋನ್ ಮಾಡಿದ್ರು?”

ಸಾಹೇಬರು ಲೈನ್ ಸರಿಯಿಲ್ಲವೆಂದು ಫೋನ್ ಇಟ್ಟರು.

ಮೂರು ಗಂಟೆಗೆ ರಾಜೀನಾಮೆ ಎಸೆದು, ಬಾಲ ಸುಟ್ಟ ಬೆಕ್ಕಿನಂತೆ ರಸ್ತೆ ದಾಟಿದರು. ಇಲಾಖೆಯ ಕಾರ್ಯದರ್ಶಿ ಬಾಯಿತುಂಬ ನಕ್ಕು, “ಬನ್ನಿ ಬನ್ನಿ, ನಿಮ್ಮ ಹಳೇ ಕುರ್ಚಿ ಖಾಲಿ ಇದೆ,” ಎಂದು ನೇಮಕದ ಹಾಳೆ ಮುಂದಿಟ್ಟರು. ಸಾಹೇಬರು ಓದದೆ ಸಹಿ ಹಾಕಿ, ಬೆಳಿಗ್ಗೆಯಿಂದ ಹಿಡಿದಿಟ್ಟ ಉಸಿರು ಬಿಟ್ಟರು.

“ಅಂದಹಾಗೆ, ನಿಮ್ಮ ಕಾಗದ ಅದ್ಭುತವಾಗಿತ್ತು. ಮಂತ್ರಿಗಳು ಒಂದೇ ಗಂಟೇಲಿ ಒಪ್ಪಿಬಿಟ್ರು. ನಾಳೆ ನೀತಿ ನಿರ್ದೇಶಕರೇ ನಿಲ್ಬೇಕು.”

ಸಾಹೇಬರು ಸಹಿ ಹಾಕಿದ ಹಾಳೆಯನ್ನು ಎಳೆದುಕೊಂಡು ಹುದ್ದೆಯ ಹೆಸರು ಓದಿದರು. “ಇಲ್ಲಿದ್ದ ನಿರ್ದೇಶಕರು ಎಲ್ಲಿ?”

“ಆದೇಶ ನೋಡಿದ್ದೇ ಬಿಟ್ಟು ಹೋದ್ರು. ಎದುರು ಕಂಪನೀಲಿ ಮೂರು ಗಂಟೆಗೆ ಯಾವುದೋ ಕುರ್ಚಿ ಖಾಲಿ ಆಯ್ತಂತೆ, ಆಗ್ಲೇ ಕೂತಾಯ್ತು.”