ಹನಿ ಇಳಿಯದ ಲಂಗೋಟಿ

ಅಗ್ಗದ ಮಾಲು ಹೊಸ್ತಿಲು ದಾಟಿತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ನಡೆದೇ ತೀರುತ್ತದೆ. ಐವತ್ತರ ದಶಕದಲ್ಲಿ, ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ, ನಮ್ಮ ಮೊದಲ ಮಗಳು ನಾಲ್ಕು ತಿಂಗಳ ಕೂಸಾಗಿದ್ದಾಗ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗುವಿಗಿಂತ ಮೊದಲು ಬೆರಗೇ ಬರುತ್ತದೆ.

ಅಂಗಡಿಯಲ್ಲಿ

ನನ್ನ ಯಜಮಾನರು ಗುಮಾಸ್ತರು. ಮಾವನವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಮಗ ಅಂಗಡಿ ಬಿಟ್ಟು ಸರ್ಕಾರಿ ಕುರ್ಚಿ ಹಿಡಿದನೆಂದು ಅವರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಮೊಮ್ಮಗಳನ್ನು ನೋಡಲೂ ಬಂದಿರಲಿಲ್ಲ. ನನಗೆ ಅದೊಂದೇ ಕೊರಗು.

ಅಂಥವರ ಮಗ ಬೇರೆ ಯಾವುದೋ ಅಂಗಡಿಯಿಂದ ಅರ್ಧ ಬೆಲೆಗೆ ಒಂದು ಡಜನ್ ಲಂಗೋಟಿ ತಂದರು. ಮೂರು ಮೂಲೆ, ಹಾಲಿನಂಥ ಬಿಳುಪು, ದೊರೆಸಾನಿಯರ ಮಕ್ಕಳಿಗೆ ಕಟ್ಟುವಂಥದ್ದಂತೆ. ಅಂಗಡಿಯವನು ಬಟ್ಟೆಯ ಮೇಲೆ ಒಂದು ಲೋಟ ನೀರು ಸುರಿದು ತೋರಿಸಿದನಂತೆ.

"ಒಂದು ಹನಿ ಒಳಕ್ಕೆ ಇಳೀಲಿಲ್ಲ ಕಣೇ. ಹಂಗೇ ಜಾರಿ ಹೋಯ್ತು," ಎಂದರು.

"ಜಾರಿ ಎಲ್ಲಿಗೆ ಹೋಯ್ತು?" ಎಂದೆ.

"ನನ್ನ ಪಂಚೆ ಮೇಲೆ," ಎಂದರು, ಬಹಳ ಹೆಮ್ಮೆಯಿಂದ.

ಬೆಟ್ಟದಲ್ಲಿ

ಮಾವನವರ ಮನಸ್ಸು ಕರಗಲೆಂದು ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತಿದ್ದೆ. ಸುಡುವ ಬಿಸಿಲು, ಉದ್ದನೆಯ ಸಾಲು. ಹೊಸ ಲಂಗೋಟಿ ಕಟ್ಟಿದ ಮಗು ಯಜಮಾನರ ಹೆಗಲ ಮೇಲಿತ್ತು. ಇದ್ದಕ್ಕಿದ್ದಂತೆ ಕನ್ನಂಬಾಡಿಯ ತೂಬು ಎತ್ತಿದ ಹಾಗಾಯಿತು. ಗೇಣುದ್ದದ ಕೂಸಿನಲ್ಲಿ ಅಷ್ಟು ನೀರು ಎಲ್ಲಿತ್ತೋ, ಆ ತಾಯಿಗೇ ಗೊತ್ತು. ಬಟ್ಟೆ ಒಂದಿಷ್ಟೂ ಹೀರಲಿಲ್ಲ. ಎಲ್ಲವೂ ಅಂಚಿನಿಂದ ಚಿಮ್ಮಿ ಹಿಂದಕ್ಕೆ ಹಾರಿತು.

ಹಿಂದಿದ್ದ ಅಜ್ಜಿ ಮುಖ ಒರೆಸಿಕೊಂಡು ಮೇಲೆ ನೋಡಿದರು. ಒಂದು ಮೋಡವಿಲ್ಲ. "ಅಮ್ಮನ ದಯೆ ನೋಡ್ರವ್ವಾ, ಬಿಸ್ಲಲ್ಲೂ ಮಳೆ ಕೊಟ್ಬುಟ್ಲು," ಎಂದು ಕೈ ಮುಗಿದರು. ಅವರ ಹಿಂದಿನವರೂ ಮುಗಿದರು. ನಾವೂ ಮುಗಿದೆವು. ಇನ್ನೇನು ಮಾಡೋದು?

ಅಗಸನ ಕೈಯಲ್ಲಿ

ಲಂಗೋಟಿ ಒಗೆದು ಒಗೆದು ನೀರು ತಡೆಯುವ ಶಕ್ತಿ ಕಳೆದುಕೊಂಡಿದೆ ಎಂದು ಯಜಮಾನರ ತೀರ್ಮಾನ. ಹನ್ನೆರಡನ್ನೂ ಅಗಸನಿಗೆ ಕೊಟ್ಟು, ಗಂಜಿ ಜಾಸ್ತಿ ಹಾಕು ಎಂದರು.

"ಮಗೀನ ಬಟ್ಟೆಗಾ, ಬುದ್ಧೀ?"

"ನೀರು ಇಳೀಬಾರ್ದು, ಹಾಕಯ್ಯ."

"ಹುಟ್ಟಿದಾಗ್ನಿಂದ ಒಗೀತಾ ಇವ್ನಿ. ಲಂಗೋಟಿಗೆ ಇಸ್ತ್ರಿ ಮಾಡ್ತಿರೋದು ಇದೇ ಮೊದ್ಲು," ಎಂದು ಅವನು ಹೋದ.

ಹಪ್ಪಳದ ಹಾಗೆ ಬಂದವು. ಕಟ್ಟಿದ ಮೇಲೆ ಮಗುವಿನ ಸೊಂಟ ವಾಲಲಿಲ್ಲ, ಕಾಲು ಕೂಡಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದರೆ ಕೂರಿಸಿದ ಹಾಗೇ ಇತ್ತು. ಪಕ್ಕದ ಮನೆಯಾಕೆ ಬಂದು ಕೆನ್ನೆಗೆ ಕೈ ಹಚ್ಚಿದರು. "ನಾಕೇ ತಿಂಗ್ಳಿಗೆ ಕೂತ್ಬುಟ್ಟವಳಲ್ರೀ, ಏನು ತಿನ್ನಿಸ್ತೀರಿ?"

"ಗಂಜಿ," ಎಂದೆ.

ಮಾವನವರ ಮಡಿಲಲ್ಲಿ

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮಾವನವರು. ಹಣೆ ತುಂಬ ವಿಭೂತಿ, ಗರಿಗರಿ ಬಿಳಿ ಪಂಚೆ. ನೊಣ ಕೂತರೂ ಆ ಪಂಚೆ ಬದಲಾಯಿಸುವವರು ಅವರು. ಮಗನ ಕಡೆ ನೋಡಲಿಲ್ಲ. ನನ್ನನ್ನು ನೋಡಿ, "ಮಗೂನ ಕೊಡಮ್ಮ," ಎಂದರು.

"ಒಂದು ನಿಮಿಷ ಮಾವ, ಬಟ್ಟೆ ಬದ್ಲಾಯಿಸಿ—" ಎನ್ನುವಷ್ಟರಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡಾಗಿತ್ತು. ಮಗು ಅವರ ಮೀಸೆ ಹಿಡಿದು, ಮುಖವನ್ನೇ ನೋಡುತ್ತಾ, ತನ್ನ ಕೆಲಸ ಮಾಡಿತು. ಪಂಚೆ ಮೊಣಕಾಲಿನವರೆಗೂ ನೆನೆಯಿತು. ಎರಡು ವರ್ಷ ಕಾದ ಭೇಟಿ ನೀರುಪಾಲಾಯಿತು ಎಂದುಕೊಂಡೆ.

ಅವರು ಅಲುಗಾಡಲಿಲ್ಲ. ಮಗು ಅಲ್ಲೇ ನಿದ್ದೆ ಹೋಯಿತು. ಲಂಗೋಟಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಮೊದಲ ಬಾರಿಗೆ ಮಗನನ್ನು ಕೇಳಿದರು, "ಎಷ್ಟಕ್ಕೆ ಬಂತು?"

"ಅರ್ಧ ಬೆಲೆಗೆ, ಅಪ್ಪಾ."

"ಗಂಜಿ ಯಾರು ಹಾಕ್ಸಿದ್ದು?"

"ನಾನೇ."

ಮಾವನವರು ಲಂಗೋಟಿಯ ಅಂಚು ಬಿಟ್ಟರು. "ನೀನು ಅಂಗ್ಡಿ ಬಿಟ್ಟಿದ್ದೇ ಒಳ್ಳೇದಾಯ್ತು ಬುಡು," ಎಂದರು.

ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಮಗು ಏಳುವವರೆಗೂ ಅವರು ಒದ್ದೆಯಲ್ಲೇ ಕೂತಿದ್ದರು, ಕಾಫಿಗೂ ಕೈ ಚಾಚಲಿಲ್ಲ.

ಮಾರನೆಯ ದಿನ ಅತ್ತೆ ಒಂದು ಗಂಟು ತಂದರು. ಮಾವನವರ ಹಳೆಯ ಪಂಚೆಗಳನ್ನು ಹರಿದು ಅಂಚು ಹೊಲಿದ ಮೆತ್ತನೆಯ ತುಂಡುಗಳು.

"ನೆನ್ನೆ ಉಟ್ಟಿದ್ದ ಪಂಚೇನೂ ಹರಿದ್ರಾ ಅತ್ತೆ?" ಎಂದೆ.

"ಅದನ್ನ ಅಗಸನಿಗೂ ಕೊಡ್ತಿಲ್ಲ ಕಣಮ್ಮ," ಎಂದರು ಅತ್ತೆ. "ಗಲ್ಲಾಪೆಟ್ಟಿಗೆ ಪಕ್ಕ ಮಡಚಿ ಇಟ್ಕೊಂಡವ್ರೆ. ಬಂದ ಗಿರಾಕಿಗೆಲ್ಲ ಬಿಡಿಸಿ, ಆ ಹಳದಿ ಕಲೆ ತೋರಿಸಿ, 'ನನ್ ಮೊಮ್ಮಗಳದ್ದು ಕಣ್ರೀ, ಇದು ಅರ್ಧ ಬೆಲೆಗೆ ಸಿಗೋ ಮಾಲಲ್ಲ' ಅಂತವ್ರೆ."