ಒಂದನೇ ನಂಬರ್ ಬಿಲ್ಲೆ

ಮೀನು ಮಾರುವ ಚಂದುವಿಗೆ ಆ ದಿನ ಗ್ರಹಚಾರ ವಕ್ಕರಿಸಿದ್ದು ಅವನ ಸೈಕಲ್ಲಿನ ಹಾರ್ನಿನಿಂದ. ಕಾಪುವಿನಿಂದ ಬುಟ್ಟಿ ತುಂಬ ಬಂಗುಡೆ ಹೇರಿಕೊಂಡು ಕಡಿಯಾಳಿಯ ಓಣಿಗೆ ಬಂದು ಆ ರಬ್ಬರ್ ಹಾರ್ನನ್ನು ಎರಡು ಸಲ ಹಿಂಡಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಬರುವ ಮೊದಲೇ ನಾಯಿಗಳು ಹಾಜರು. ಬುಟ್ಟಿಯಡಿ ಜಜ್ಜಿಹೋದ ಮೀನು ನಾಯಿಗೆ, ಉಳಿದದ್ದು ಮನುಷ್ಯರಿಗೆ. ಹನ್ನೆರಡು ವರ್ಷಗಳಿಂದ ನಡೆದುಬಂದ ಪದ್ಧತಿ ಅದು.

ಅಂದು ಓಣಿಯ ಬಾಯಲ್ಲಿ ಪುರಸಭೆಯ ಹೊಸ ಇನ್ಸ್‌ಪೆಕ್ಟರರು ನಿಂತಿದ್ದರು. ಘಟ್ಟದ ಮೇಲಿನವರು, ಮೀನೆಂದರೆ ಮೂಗಿಗೆ ಕರ್ಚೀಫು ಒತ್ತುವವರು. ಎಮರ್ಜೆನ್ಸಿ ಮುಗಿದು ವರ್ಷವಾಗಿತ್ತು, ಅವರಿಗೆ ಮಾತ್ರ ಅದನ್ನು ಯಾರೂ ತಿಳಿಸಿದಂತಿರಲಿಲ್ಲ. ಸಾಕಿದ ನಾಯಿಗೆಲ್ಲ ಲೈಸೆನ್ಸ್ ಆಗಬೇಕು, ಕೊರಳಲ್ಲಿ ಹಿತ್ತಾಳೆ ಬಿಲ್ಲೆ ಇರಬೇಕು ಎಂದು ಡಂಗುರ ಹೊಡೆಸಿ ತಿಂಗಳಾದರೂ ಬಿಲ್ಲೆ ಕಟ್ಟಿಸಿಕೊಂಡದ್ದು ಊರಲ್ಲಿ ಒಂದೇ ನಾಯಿ. ಅದೂ ಅವರದೇ ಬಿಳಿ ಪೊಮೆರೇನಿಯನ್ ಪಿಂಕಿ, ಒಂದನೇ ನಂಬರ್. ಪಿಂಕಿ ಮೊಸರನ್ನ ಬಿಟ್ಟು ಬೇರೇನನ್ನೂ ಮೂಸುವುದಿಲ್ಲ ಎಂದು ಅವರು ಹೇಳದ ದಿನವಿರಲಿಲ್ಲ.

“ಏನಯ್ಯಾ, ಏಳು ನಾಯಿ ಸಾಕಿದ್ದೀಯ, ಒಂದಕ್ಕೂ ಬಿಲ್ಲೆ ಇಲ್ವಲ್ಲ?”

“ನನ್ನದಲ್ಲ ಧಣಿ. ಎಲ್ಲ ಈ ಓಣಿಯವರದ್ದು.”

ಉಮಾನಾಥ ಮಾಸ್ಟ್ರು ಗೇಟಿನಲ್ಲೇ ಇದ್ದರು. ತನ್ನ ನಾಯಿ ಟೈಗರ್ ಮಂಚದ ಕಾಲಬುಡದಲ್ಲೇ ಮಲಗುತ್ತದೆಂದು ಹೊಗಳಿಕೊಳ್ಳುವ ಮನುಷ್ಯ ಈಗ ಅದನ್ನು ಗುರುತೇ ಇಲ್ಲದವರಂತೆ ನೋಡಿದರು.

“ಇದು ಚಂದುವಿನದ್ದಲ್ವಾ? ದಿನಾ ಅವನ ಹಿಂದೆಯೇ ಬರ್ತದೆ.”

ಪಕ್ಕದ ಬರ್ತಾಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಅದನ್ನೇ ಹೇಳಿದರು. ಇವರಿಗೆಲ್ಲ ಕೊಸರಿಗೆ ಎರಡೆರಡು ಮೀನು ಹಾಕಿದ ಕೈಯನ್ನು ಕಡಿದುಕೊಳ್ಳಬೇಕು ಎನ್ನಿಸಿತು ಚಂದುವಿಗೆ.

ಏಳಕ್ಕೂ ಲೈಸೆನ್ಸ್ ಮಾಡಿಸು, ಇಲ್ಲವಾದರೆ ಸೈಕಲ್ ಜಪ್ತಿ ಎಂದರು ಇನ್ಸ್‌ಪೆಕ್ಟರರು. ಸೈಕಲ್ ಹೋದರೆ ಹೊಟ್ಟೆಪಾಡೇ ಹೋಯಿತು. ಬಿಸಿಲು ಬೇರೆ ಏರುತ್ತಿತ್ತು. ಬಂಗುಡೆ ಕಾಯುವ ಜಾತಿಯಲ್ಲ. ಚಂದು ಕೈಮುಗಿದು ಗೋಗರೆದ ಮೇಲೆ ಅವರು ಕಾನೂನಿನ ಪುಸ್ತಕ ಬಿಡಿಸಿ, ನಾಯಿ ಯಾರ ಕರೆಗೆ ಬರುತ್ತದೋ ಅವರೇ ಯಜಮಾನರು ಎಂದು ಓದಿ, ಪರೀಕ್ಷೆಗೆ ಇಳಿದರು.

ಮಾಸ್ಟ್ರು ಸೊಳ್ಳೆಗೂ ಕೇಳಿಸದ ದನಿಯಲ್ಲಿ ಟೈಗರನ್ನು ಕರೆದರು. ಬರ್ತಾಬಾಯಿ ತಮ್ಮ ನಾಯಿ ರೋಜಿಯನ್ನು ಬೇರೆ ಯಾವುದೋ ಹೆಸರಿನಿಂದ ಕರೆದರು. ನಾಯಿಗಳು ಬುಟ್ಟಿಯಿಂದ ಕಣ್ಣು ಕೀಳಲಿಲ್ಲ.

“ಈಗ ನೀನು ಕರಿ.”

ಚಂದುವಿಗೆ ರೋಸಿಹೋಗಿತ್ತು. ಆಗಿದ್ದಾಗಲಿ ಎಂದು ಎರಡೂ ಕೈಯಿಂದ ಹಾರ್ನ್ ಹಿಂಡಿದ. ದೇವಸ್ಥಾನದ ಕಡೆಯಿಂದ, ಬಸ್‌ಸ್ಟಾಪಿನಿಂದ, ಪಾಗಾರ ಹಾರಿ, ಬೇಲಿ ನುಸುಳಿ ನಾಯಿಗಳು ಬಂದವು. ಇಪ್ಪತ್ತಮೂರಕ್ಕೆ ಲೆಕ್ಕ ತಪ್ಪಿತು. ಎಲ್ಲಕ್ಕಿಂತ ಕೊನೆಗೆ ಏದುಸಿರು ಬಿಡುತ್ತ ಬಂದದ್ದು ಬೆಳ್ಳಗಿತ್ತು, ಕೊರಳಲ್ಲಿ ಬಿಲ್ಲೆ ಹೊಳೆಯುತ್ತಿತ್ತು. ಅದು ಚಂದುವಿನ ಎದುರು ಕೂತು ಮುಂಗಾಲೆರಡನ್ನೂ ಎತ್ತಿತು, ಹಳೇ ಗಿರಾಕಿಯ ಸಲಿಗೆಯಲ್ಲಿ.

“ಪುಸ್ತಕದ ಪ್ರಕಾರ ಇದೂ ಚಂದುವಿನದ್ದೇ ಆಯ್ತಲ್ವಾ ಸಾರ್?” ಎಂದರು ಮಾಸ್ಟ್ರು.

ಇನ್ಸ್‌ಪೆಕ್ಟರರು ಪುಸ್ತಕ ಮುಚ್ಚಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಉಳಿದ ನಾಯಿಗಳು ಯಾರವೂ ಅಲ್ಲ, ತಪ್ಪೆಲ್ಲ ಹಾರ್ನಿನದ್ದು ಎಂದು ತೀರ್ಪು ಕೊಟ್ಟು ಅದನ್ನು ಬಿಚ್ಚಿಸಿದರು. ಪಿಂಕಿಯನ್ನು ಕಂಕುಳಲ್ಲಿ ಅವುಚಿಕೊಂಡು, ಗದ್ದಲದ ಕೇಸಿಗೆ ಸಹಿ ಹಾಕಲು ಬಾ ಎಂದು ಚಂದುವನ್ನು ಕಚೇರಿಗೆ ಕರೆದೊಯ್ದರು. ಸೈಕಲನ್ನು ಹೊರಗೆ ಗೋಡೆಗೆ ಒರಗಿಸಿ ಒಳಗೆ ನಿಂತ ಚಂದುವಿನ ಸರದಿ ಬರುವಾಗ ಗಂಟೆ ಎರಡು ದಾಟಿತ್ತು. ಆ ಮೀನನ್ನು ಇನ್ನು ಯಾರು ಕೊಳ್ಳುತ್ತಾರೆ? ಬುಟ್ಟಿಯ ಕಡೆ ತಿರುಗಿಯೂ ನೋಡದೆ ನೇರ ಕಾಪುವಿಗೆ ತುಳಿದ.

ಹೆಂಡತಿ ಸರಸ ಅಂಗಳದಲ್ಲಿ ಬುಟ್ಟಿಯ ಮೇಲಿನ ಗೋಣಿ ಎತ್ತಿದಳು. ಒಳಗೆ, ತಿಂದಷ್ಟು ತಿಂದು ಉಳಿದ ಬಂಗುಡೆಯ ಮೇಲೆ ಹೊಟ್ಟೆ ಮೇಲೆ ಮಾಡಿ ಪಿಂಕಿ ಗೊರಕೆ ಹೊಡೆಯುತ್ತಿತ್ತು.

ಚಂದು ಯಾರಾದರೂ ನೋಡಿದರೇ ಎಂದು ರಸ್ತೆಯತ್ತ ಇಣುಕಿದ. ಹಾರ್ನ್ ಹೋದದ್ದು ಗದ್ದಲದ ಕೇಸಿಗೆ, ಇದು ನಾಯಿ ಕದ್ದ ಕೇಸು. ಈ ಸಲ ಸೈಕಲ್ ಮಾತ್ರವಲ್ಲ, ತಾನೂ ಒಳಗೆ. ಅವನು ಮೆಟ್ಟಿಲ ಮೇಲೆ ಕೂತು ಬೆಳಗಿನಿಂದ ಬಿಲ್ಲೆ ಇಲ್ಲದ ನಾಯಿಗಳಿಂದಾದ ಪಡಿಪಾಟಲನ್ನೆಲ್ಲ ಹೇಳಿಕೊಂಡ.

ಸರಸ ಎಲ್ಲ ಕೇಳಿ, ನಾಯಿಯ ಕೊರಳ ಬಿಲ್ಲೆಯನ್ನು ಸೆರಗಿನಿಂದ ಒರೆಸಿ ನೋಡಿದಳು.

“ಇದಕ್ಕೆ ಲೈಸೆನ್ಸ್ ಉಂಟಲ್ಲ ಮಾರಾಯ್ರೇ, ಇನ್ನು ಹೆದರಿಕೆ ಎಂತದ್ದು?”