ನಾಲ್ಕೂವರೆ ಗೆರೆ

ಇಪ್ಪತ್ತಾರು ವರ್ಷಗಳಿಂದ ನಾನು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್. ನಾನು ಮಾರುಕಟ್ಟೆಯೊಳಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ (ನಾನು ಆಚೆ ಹೋದ ಮೇಲೆ ಏನು ಮಾಡುತ್ತವೋ ಅವಕ್ಕೇ ಗೊತ್ತು). ಇಂಥ ಮಹಾಪುರುಷನನ್ನು ನೀರಿನ ಬಾಟಲಿಯಷ್ಟು ಗಾತ್ರದ ಒಂದು ಸ್ಪೀಕರು ಮೂರು ವಾರ ಆಟವಾಡಿಸಿತು ಎಂದರೆ ನೀವು ನಂಬಬೇಕು.

ತಂತಿಯಿಲ್ಲದ ಆ ಸ್ಪೀಕರನ್ನು ಮನೆಗೆ ತಂದವನು ನಾನೇ. ಸಂಜೆ ಆಫೀಸಿನಿಂದ ಬಂದು, ಹಾಲ್‌ನಲ್ಲಿ ಕಾಲು ಚಾಚಿ ಕೊಳಲು ಕೇಳುವುದು ನನ್ನ ಬಾಳಿನ ಏಕಮೇವ ವಿಲಾಸ. ಅದೇ ಹೊತ್ತಿಗೆ, ಅದೇ ಹಾಲ್‌ನ ಇನ್ನೊಂದು ತುದಿಯ ಊಟದ ಮೇಜಿನ ಮೇಲೆ, ಗಣಿತದ ಟೀಚರಾದ ನನ್ನ ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಾಳೆ. ಜಗಳಕ್ಕೆ ಇಷ್ಟು ಸಾಲದೇ? ಫೋನಿನ ವಾಲ್ಯೂಮು ನಾಲ್ಕನೆಯ ಗೆರೆಯಲ್ಲಿದ್ದರೆ ನನಗೆ ಕೊಳಲು ಸೊಳ್ಳೆಯಾಗುತ್ತದೆ. ಐದಕ್ಕೆ ಏರಿಸಿದೆನೋ, ಆ ಕಡೆಯಿಂದ ಮೇಜಿಗೆ ಕೈ ಬಡಿದ ಸದ್ದು.

“ರೀ, ಯಾವನೋ ಏಳೆಂಟ್ಲಿ ಐವತ್ನಾಲ್ಕು ಅಂತ ಬರ್ದಿದಾನೆ. ನಿಮ್ಮ ಗಲಾಟೇಲಿ ನಾನೂ ಸರಿ ಅಂತ ಮಾರ್ಕ್ಸ್ ಹಾಕ್ಬಿಟ್ಟೆ. ಕಮ್ಮಿ ಮಾಡಿ!”

“ಕಮ್ಮಿ ಮಾಡಿದ್ರೆ ಏನೂ ಕೇಳ್ಸಲ್ಲ ಕಣೇ.”

“ಪಕ್ಕದ ಮನೆಯವ್ರಿಗೆ ಕೇಳಿಸ್ತಿದೆ, ನಿಮಗೆ ಕೇಳ್ಸಲ್ವಾ?”

ನನಗೆ ಬೇಕಾಗಿದ್ದದ್ದು ನಾಲ್ಕೂವರೆ. ಫೋನಿನಲ್ಲಿ ಅರ್ಧ ಗೆರೆ ಎಂಬುದೇ ಇಲ್ಲ. ಇಂಥ ಒರಟು ಅಳತೆಯನ್ನು ಅಂಗಡಿಯವನೊಬ್ಬ ಇಟ್ಟುಕೊಂಡಿದ್ದರೆ ಆ ಕ್ಷಣವೇ ಜಪ್ತಿ ಮಾಡುತ್ತಿದ್ದೆ. ನನ್ನ ಫೋನನ್ನು ನಾನೇ ಹೇಗೆ ಜಪ್ತಿ ಮಾಡಲಿ?

ಕಾಲೇಜಿಗೆ ಹೋಗುವ ಮಗಳ ಮುಂದೆ ದೂರಿಟ್ಟೆ. ಅವಳು ಫೋನನ್ನು ಹಿಂದೆ ಮುಂದೆ ತಿರುಗಿಸಿ, “ಅಪ್ಪಾ, ಫೋನಿನ ವಾಲ್ಯೂಮು, ಸ್ಪೀಕರಿನ ವಾಲ್ಯೂಮು ಎರಡಕ್ಕೂ ಗಂಟು ಹಾಕಿದಾರೆ. ಒಂದು ಏರಿದ್ರೆ ಇನ್ನೊಂದೂ ಏರುತ್ತೆ” ಎಂದಳು.

“ನಾನೂ ನಿಮ್ಮಮ್ಮನೂ ಇದ್ದ ಹಾಗೆ” ಎಂದು ಅವಳಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದೆ. ಹಾಲ್‌ನ ಆ ತುದಿಯ ಮೇಜಿನಿಂದ ಹೆಂಡತಿ ತಲೆಯೆತ್ತಿ ನೋಡಿದಳು. ಏಕೆ ನೋಡಿದಳೋ ನನಗೆ ಆಗ ಅರ್ಥವಾಗಲಿಲ್ಲ.

ಗಂಟು ಬಿಚ್ಚುವ ಗುಂಡಿ ಫೋನಿನ ಪಾತಾಳದಲ್ಲೆಲ್ಲೋ ಅಡಗಿತ್ತು. ಅಲ್ಲಿಗೆ ಇಳಿಯಲು ಒಂದು ಸಾಲಿನ ಮೇಲೆ ಏಳು ಸಲ ಬೆರಳಿನಿಂದ ಕುಟ್ಟಬೇಕಂತೆ. ಕುಟ್ಟಿದೆ. “ನೀವೀಗ ಡೆವಲಪರ್ ಆಗಿದ್ದೀರಿ” ಎಂದು ಫೋನು ಘೋಷಿಸಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದೇ ಒಂದು ಬಡ್ತಿಯನ್ನೂ ಕಾಣದವನಿಗೆ ಏಳೇ ಕುಟ್ಟಿಗೆ ಒಂದು! ಗಂಟು ಬಿಚ್ಚಿ, ಸ್ಪೀಕರಿನ ಗುಂಡಿಯನ್ನು ಒಂದು ಹದಕ್ಕೆ ತಗ್ಗಿಸಿಟ್ಟೆ. ಈಗ ಫೋನಿನ ಒಂದೊಂದು ಗೆರೆಯೂ ಇರುವೆ ಹೆಜ್ಜೆಯಷ್ಟೇ ಏರತೊಡಗಿತು. ನಾಲ್ಕೂಕಾಲು, ನಾಲ್ಕೂವರೆ, ನಾಲ್ಕೂಮುಕ್ಕಾಲು ಎಲ್ಲವೂ ಕೈಗೆ ಸಿಕ್ಕವು. ನಾನು ವಿಜಯೋತ್ಸಾಹದಿಂದ ನಾಲ್ಕೂವರೆಯನ್ನು ಸ್ಥಾಪಿಸಿ ಕಾಲು ಚಾಚಿದೆ.

ಸೊಳ್ಳೆಯೇ ಹಾಡಿತು.

“ಜೋರಾಯ್ತು ರೀ!” ಎಂದಳು ಹೆಂಡತಿ.

ಇದು ಶುದ್ಧ ಹಟ ಎಂದು ನನಗೆ ಖಾತ್ರಿಯಾಯಿತು. ಭಾನುವಾರ ಬೆಳಗ್ಗೆ ಅಧಿಕೃತ ತಪಾಸಣೆ ಎಂದು ಸಾರಿದೆ. ನಾನೂ ಹೆಂಡತಿಯೂ ಸ್ಪೀಕರಿಗೆ ಬೆನ್ನು ಹಾಕಿ ಅಕ್ಕಪಕ್ಕ ಕೂರುವುದು. ಮಗಳು ಸೊನ್ನೆಯಿಂದ ಒಂದೊಂದೇ ಗೆರೆ ಏರಿಸುವುದು. ಕೇಳಿಸಿದ ಕೂಡಲೇ ಕೈಯೆತ್ತುವುದು. ಯಾರ ಹಟ ಯಾರ ನ್ಯಾಯ, ಜಗತ್ತಿಗೆ ತಿಳಿದುಹೋಗಲಿ!

ಕೂತೆವು. ಹೆಂಡತಿ ಆಗಲೇ ಕೈಯೆತ್ತಿದಳು.

“ಕಳ್ಳಾಟ ಬೇಡ. ಅವಳಿನ್ನೂ ಶುರುನೇ ಮಾಡಿಲ್ಲ” ಎಂದೆ.

ಕಾದೆವು. ಹಾಲ್ ನಿಶ್ಶಬ್ದವಾಗಿತ್ತು. ಮಗಳು ಅಷ್ಟು ಹೊತ್ತು ಏನು ಮಾಡುತ್ತಿದ್ದಾಳೆ ಎಂದು ರೇಗಿತು.

“ಪುಟ್ಟೀ, ಹಾಕಮ್ಮಾ ಬೇಗ.”

ಮಗಳು ಬಂದು ನನ್ನೆದುರು ನಿಂತಳು. “ಅಪ್ಪಾ, ಆಗ್ಲೇ ಅರ್ಧ ಹಾಡು ಮುಗೀತು.”

ಹೆಂಡತಿ ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದಳು. ಗೆದ್ದವಳ ಮುಖವಾಗಿರಲಿಲ್ಲ ಅದು. ನಾನು ಎದ್ದು ಹೋಗಿ ಸ್ಪೀಕರಿಗೆ ಕಿವಿಯಿಟ್ಟೆ. ಕೊಳಲು ನುಡಿಯುತ್ತಲೇ ಇತ್ತು.

ಮರುದಿನ ಅವಳು ಅರ್ಧ ದಿನ ರಜೆ ಹಾಕಿ ನನ್ನನ್ನು ಕಿವಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಅವರು ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷಿಸಿ, ಇಳಿಜಾರಿನಂತಿದ್ದ ಒಂದು ಗೆರೆಯನ್ನು ತೋರಿಸಿದರು. ಜೀವನದಲ್ಲಿ ಮೊದಲ ಬಾರಿಗೆ ನನ್ನನ್ನೇ ಅಳೆದು, ಕಡಿಮೆಯಿದೆ ಎಂದು ಬರೆದುಕೊಟ್ಟಿದ್ದರು.

“ಎಷ್ಟು ದಿನದಿಂದ ಹೀಗಿದೆ?” ಎಂದು ಡಾಕ್ಟರು ಕೇಳಿದರು.

“ಗೊತ್ತಿಲ್ಲ ಡಾಕ್ಟ್ರೇ” ಎಂದಳು ಹೆಂಡತಿ. “ಇವ್ರು ನನ್ನ ಮಾತು ಕೇಳಲ್ಲ ಅಂತ ಮಾತ್ರ ಗೊತ್ತಿತ್ತು. ಕೇಳ್ಸಲ್ಲ ಅಂತ ಗೊತ್ತಿರಲಿಲ್ಲ.”

ವಾರದೊಳಗೆ ಎರಡು ಕಿವಿಗೂ ಕಡಲೆಕಾಳಿನಂಥ ಯಂತ್ರಗಳು ಬಂದವು. ಅವಕ್ಕೂ ತಂತಿಯಿಲ್ಲ, ಅವಕ್ಕೂ ಫೋನಿನಲ್ಲೇ ವಾಲ್ಯೂಮು. ಮನೆಗೆ ಬಂದು ಕೂತೆ. ಫ್ರಿಜ್ ಗೊಣಗುವುದು ಕೇಳಿಸಿತು. ನನ್ನ ಚಪ್ಪಲಿಗೆ ದನಿಯಿದೆಯೆಂದು ತಿಳಿಯಿತು. ಅಡುಗೆಮನೆಯಿಂದ ಹೆಂಡತಿಯ ಗುನುಗು ತೇಲಿ ಬಂತು. ಪಾತ್ರೆ ತೊಳೆಯುವಾಗ ಅವಳು ಯಾವುದೋ ಹಾಡು ಗುನುಗುತ್ತಾಳೆ ಎಂದು ಎಷ್ಟೋ ವರ್ಷದಿಂದ ಒಳಗೊಳಗೇ ಸಂತೋಷಪಡುತ್ತಿದ್ದವನು ನಾನು. ಆಸೆಯಿಂದ ಕಿವಿಗೊಟ್ಟೆ.

ಹಾಡಲ್ಲ ಅದು.

“...ಒದ್ದೆ ಟವೆಲ್ಲು ಹಾಸಿಗೆ ಮೇಲೆ, ಕುಡಿದ ಲೋಟ ಕಿಟಕಿ ಮೇಲೆ. ಊರಿನ ತಕ್ಕಡಿ ಎಲ್ಲಾ ನೋಡ್ತಾರಂತೆ, ತಮ್ಮ ಹೊಟ್ಟೆ ನೋಡ್ಕೊಳೋಕೆ ಪುರುಸೊತ್ತಿಲ್ಲ...”

ನಾನು ಸದ್ದಿಲ್ಲದೆ ಫೋನು ತೆಗೆದು ಗೆರೆಗಳನ್ನು ಒಂದೊಂದಾಗಿ ಇಳಿಸತೊಡಗಿದೆ. ಎರಡಕ್ಕೆ ಬಂದಾಗ ಪರಮಶಾಂತಿ. ಕಣ್ಣು ಮುಚ್ಚಿದೆ. ತೆರೆದಾಗ ಅವಳು ಕೈ ಒರೆಸಿಕೊಳ್ಳುತ್ತಾ ಎದುರಿಗೇ ನಿಂತಿದ್ದಳು. ತುಟಿಗಳು ಆಡುತ್ತಿದ್ದವು. ನಾನು ಹೂಂ ಎಂದು ತಲೆಯಾಡಿಸಿದೆ.

ಅವಳು ಬಗ್ಗಿ ನನ್ನ ಕೈಯಿಂದ ಫೋನು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಗೆರೆಗಳನ್ನು ಎಣಿಸುತ್ತಾ ಏರಿಸಿದಳು.

“ಈಗ ಸರಿಯಾಗಿ ಕೇಳಿಸ್ತಿದ್ಯಾ?”

“ಕೇಳಿಸ್ತಿದೆ.”

“ಹಾಗಾದ್ರೆ ಮೊದಲಿಂದ ಹೇಳ್ತೀನಿ” ಎಂದು ಕುರ್ಚಿ ಎಳೆದುಕೊಂಡು ಕೂತಳು.